ತಾತನ ರೇಡಿಯೋ, ಅಜ್ಜಿಯ ಕಿವಿ

ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಾಲ್ವ್ ರೇಡಿಯೋ ಇದೆ. 1962ರಲ್ಲಿ, ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಬಂದ ಒಂದು ಬೆಳೆಯ ದುಡ್ಡಿನಲ್ಲಿ ತಾತ ಅದನ್ನು ಕೊಂಡು, ಬೆಂಗಳೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರಂತೆ. ಅಂಚೆ ಕಛೇರಿಯಲ್ಲಿ ವರ್ಷ ವರ್ಷವೂ ಹಣ ಕಟ್ಟಿದ ಲೈಸೆನ್ಸ್ ಪುಸ್ತಕ ಈಗಲೂ ಅದರ ಬೆನ್ನ ಹಿಂದಿದೆ. ತಾತ ಈಗಿಲ್ಲ. ಮನೆಗೆ ಬಂದವರಿಗೆಲ್ಲ ಆ ರೇಡಿಯೋ ತೋರಿಸುವ ಹೊಣೆಯನ್ನು, ಯಾರೂ ಕೊಡದಿದ್ದರೂ, ನಾನೇ ಹೊತ್ತಿದ್ದೇನೆ.

ಕಳೆದ ಬೇಸಗೆಯ ರಜೆಯಲ್ಲಿ ಅದಕ್ಕೆ ಎರಡು ರೋಗಗಳು ಕಾಣಿಸಿಕೊಂಡವು. ಒಂದು, ಸದಾ ಗುಂಯ್‌ಗುಡುವುದು. ಇನ್ನೊಂದು, ದನಿ ಸ್ವಲ್ಪ ಏರಿದರೆ ಗೊರಗೊರ ಎನ್ನುವುದು. “ಸ್ಪೀಕರು ಮುದಿಯಾಗಿದೆ, ಕಿತ್ತು ಹೊಸದು ಹಾಕಿಸಿಬಿಡೋಣ” ಎಂದು ಅಣ್ಣ ತೀರ್ಪು ಕೊಟ್ಟ. ನನಗೆ ರೋಷ ಬಂತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಎಂ. ವಿ. ಗೋಪಾಲಸ್ವಾಮಿಯವರು, ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಬೆಂಗಳೂರಿನ ನಿಲಯ ಆರಂಭವಾದದ್ದು 1955ರಲ್ಲಿ. ಅದಾದ ಏಳೇ ವರ್ಷಕ್ಕೆ ನಮ್ಮ ಮನೆಯಲ್ಲಿ ಮಾತನಾಡತೊಡಗಿದ ಗಂಟಲಿದು! ಹೊರದೇಶಗಳ ಗಿಟಾರು ವಾದಕರಲ್ಲಿಯೂ ಇದೇ ವ್ಯಾಜ್ಯವಿದೆಯೆಂದು ಓದಿದ್ದೆ. ಹಳೆಯ ಆಂಪ್ಲಿಫೈಯರಿನ ಸ್ಪೀಕರು ಮಾಗಿದಷ್ಟೂ ನಾದ ಇಂಪೆಂದು ಕೆಲವರು. ಹರಿದ ಕಾಗದಕ್ಕೆ ವಯಸ್ಸಾದರೆ ನಾದ ಹುಟ್ಟದೆಂದು ಕೆಲವರು. ನಾನು ಯಾವ ಪಕ್ಷವೆಂದು ಹೇಳಬೇಕಾಗಿಲ್ಲ.

ಕೊನೆಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಅವರು ಸ್ಪೀಕರಿನ ಕಡೆ ನೋಡಲೇ ಇಲ್ಲ. ಮೊದಲು ಪ್ಲಗ್ಗನ್ನು ಕಿತ್ತು, “ಇದರೊಳಗೆ ಇನ್ನೂರು ವೋಲ್ಟಿಗೂ ಮೇಲಿರುತ್ತೆ, ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತೆ, ಕೈ ಹಾಕಬೇಡಿ” ಎಂದು ನಮ್ಮನ್ನು ದೂರ ನಿಲ್ಲಿಸಿದರು. ಒಣಗಿದ ಕೆಪಾಸಿಟರುಗಳನ್ನು ಬದಲಾಯಿಸಿದೊಡನೆ ಗುಂಯ್‌ಗುಡುವುದು ನಿಂತಿತು. ಅಷ್ಟು ದಿನವೂ ಸ್ಪೀಕರು ಪರರ ಅಪರಾಧಕ್ಕೆ ಬೈಸಿಕೊಂಡಿತ್ತು! ನಾನು ಅಣ್ಣನ ಮುಖ ನೋಡಿದೆ.

ಆದರೆ ಗೊರಗೊರ ಹೋಗಲಿಲ್ಲ. ಅವರು ಸ್ಪೀಕರಿನ ಕಾಗದದ ಕೋನನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿ, “ಕಿವಿಯಿಟ್ಟು ಕೇಳಿ” ಎಂದರು. ಒಳಗೆ ಏನೋ ಸರಸರ ಉಜ್ಜುತ್ತಿತ್ತು. ಕೋನಿನ ಬುಡದಲ್ಲಿರುವ ತಂತಿಯ ಸುರುಳಿ, ಅಯಸ್ಕಾಂತದ ಇಕ್ಕಟ್ಟಾದ ಸಂದಿನಲ್ಲಿ ಎಲ್ಲಿಯೂ ತಾಗದೆ ಹಿಂದೆ ಮುಂದೆ ಆಡಬೇಕಂತೆ. ಇಲ್ಲಿ ಕೋನು ಜಗ್ಗಿ, ಸುರುಳಿ ಒಂದು ಪಕ್ಕಕ್ಕೆ ತಾಗಿತ್ತು. ಅಂಚನ್ನು ಜಿರಳೆ ತಿಂದಿತ್ತು. “ಹರುಕಿಗೆ ತೆಳು ಕಾಗದ ಅಂಟಿಸಬಹುದು, ಉಜ್ಜುವುದಕ್ಕೆ ಅಂಟು ಮದ್ದಲ್ಲ. ಇದೇ ಅಯಸ್ಕಾಂತಕ್ಕೆ ಹೊಸ ಕೋನು, ಸುರುಳಿ ಕೂಡಿಸಬಹುದು. ಅಳತೆಗೆ ಸರಿಯಾದ್ದು ಸಿಗಬೇಕು. ಇಲ್ಲದಿದ್ದರೆ ಹೊಸ ಸ್ಪೀಕರು. ಅದೂ ಸಿಕ್ಕಿದ್ದಲ್ಲ, ಈ ಟ್ರಾನ್ಸ್‌ಫಾರ್ಮರಿಗೆ ಓಮ್ಸ್ ಹೊಂದಬೇಕು. ಈ ವಾಲ್ವು ಕೊಡುವುದು ಮೂರು ನಾಲ್ಕು ವಾಟು, ಅಷ್ಟಕ್ಕೇ ಗಟ್ಟಿಯಾಗಿ ಮಾತಾಡುವಂಥದಾಗಬೇಕು” ಎಂದರು.

ನಾನು ಒಪ್ಪಲಿಲ್ಲ. ಅವರು ವಾದಿಸದೆ, ಚೀಲದಿಂದ ಹೊಂದುವ ಬೇರೊಂದು ಸ್ಪೀಕರು ತೆಗೆದು ತಾತ್ಕಾಲಿಕವಾಗಿ ಜೋಡಿಸಿ, ಮುಳ್ಳನ್ನು 490 ಮೀಟರಿನ ಬಳಿಗೆ, ಎಂದರೆ ಈಗಿನ 612 ಕಿಲೋಹರ್ಟ್ಸಿಗೆ, ತಿರುಗಿಸಿದರು. ಬೆಂಗಳೂರು ನಿಲಯದಿಂದ ವಾರ್ತೆ ಬರುತ್ತಿತ್ತು. ಅಡಿಗೆಮನೆಯಲ್ಲಿದ್ದ ಅಜ್ಜಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

“ಇದೇನೋ, ಇವತ್ತು ಮಾತು ಬಿಡಿಬಿಡಿಯಾಗಿ ಕೇಳಿಸ್ತಿದೆ?”

“ಯಾಕಜ್ಜಿ, ದಿನಾ ಕೇಳಿಸ್ತಿರಲಿಲ್ವ?”

“ಎರಡು ವರ್ಷದಿಂದ ಬರೀ ಗದ್ದಲ ಕಣಪ್ಪ. ನನ್ನ ಕಿವಿಯೇ ಹೋಯ್ತು ಅಂದ್ಕೊಂಡಿದ್ದೆ. ಹೇಳಿದ್ರೆ ನಿಮಗೆ ಡಾಕ್ಟರ ಖರ್ಚು ಅಂತ ಸುಮ್ನಿದ್ದೆ.”

ನನ್ನ ವಾದ ಅಲ್ಲಿಗೇ ಮುಗಿಯಿತು. ಎರಡು ವರ್ಷಗಳಿಂದ ನಾನು ರೇಡಿಯೋವನ್ನು ಜನರಿಗೆ ತೋರಿಸುತ್ತಿದ್ದೆ. ಅದನ್ನು ಕೇಳುತ್ತಿದ್ದವಳು ಅಜ್ಜಿಯೊಬ್ಬಳೇ. ತಾತ ಅದನ್ನು ತೊಡೆಯ ಮೇಲೆ ತಂದದ್ದು ನೋಡುವುದಕ್ಕಲ್ಲವಷ್ಟೆ!

ಹೊಸ ಸ್ಪೀಕರು ಬಂತು. ಪೆಟ್ಟಿಗೆಗೆ ಒಂದು ತೂತನ್ನೂ ಹೊಸದಾಗಿ ಕೊರೆಯದೆ, ಹಳೆಯ ಸ್ಕ್ರೂಗಳಿಗೇ ಅದನ್ನು ಕೂರಿಸಿದರು. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಸರಿಯಾದ ಕೋನು ಎಂದಾದರೂ ಸಿಕ್ಕೀತು. ನಿಜ ಹೇಳಬೇಕಾದರೆ ಹೊಸದರ ದನಿ ತುಸು ಒರಟು. ಆ ಮಾಗಿದ ಮೆದು ಇದರಲ್ಲಿಲ್ಲ. ಮೊನ್ನೆ ಸಂಜೆ ಅದನ್ನೇ ಅಜ್ಜಿಗೆ ಹೇಳಹೋದೆ.

“ಸುಮ್ನಿರೋ, ವಾರ್ತೆ ಬರ್ತಿದೆ” ಎಂದಳು.