ಹತ್ತಕ್ಕೆ ಜಾಗ

ಅಕ್ಕನ ಮಗಳು ಮಣಿಪಾಲದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವಳ ಫೋನು ಬಂತೆಂದರೆ ಒಂದೋ ಮನೆಯಿಂದ ತೆಗೆದುಕೊಂಡು ಹೋದ ಉಪ್ಪಿನಕಾಯಿ ಮುಗಿದಿರುತ್ತದೆ, ಇಲ್ಲವೇ ಪ್ರಬಂಧದ ಪುಟ ಜೋಡಿಸುವ ಲೇಟೆಕ್ ಎಂಬ ತಂತ್ರಾಂಶ ಕೈಕೊಟ್ಟಿರುತ್ತದೆ. ಮೊನ್ನೆ ಎರಡನೆಯದಾಗಿತ್ತು.

"ಮಾವಾ, ಪರಿವಿಡಿಯಲ್ಲಿ ನಂಬ್ರ ಹೋಗಿ ಹೆಸರಿಗೆ ಅಂಟಿಕೊಂಡಿದೆ. ಗೈಡ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೊಟ್ಟಿದ್ದಾರೆ. ಎಂತ ಮಾಡುದು?"

ಫೋಟೋ ಕಳಿಸಿದಳು. 1.1ರಿಂದ ಹಿಡಿದು 10.9ರ ತನಕ ಎಲ್ಲ ಸಂಖ್ಯೆಗಳೂ ಮರ್ಯಾದೆಯಿಂದ ನಿಂತಿದ್ದವು. ನಂಬ್ರ, ಸ್ವಲ್ಪ ಜಾಗ, ಆಮೇಲೆ ಶೀರ್ಷಿಕೆ. 10.10ಕ್ಕೆ ಬಂದಾಗ ಮಾತ್ರ ಕೊನೆಯ ಸೊನ್ನೆ ಶೀರ್ಷಿಕೆಯ ಮೊದಲ ಅಕ್ಷರದ ಹೆಗಲ ಮೇಲೆ ಒರಗಿತ್ತು, ಬಸ್ಸಿನಲ್ಲಿ ನಿದ್ದೆ ಬಂದ ಪಕ್ಕದ ಸೀಟಿನವರ ಹಾಗೆ. ಒಂಬತ್ತು ಅಧ್ಯಾಯಗಳ ಪ್ರಬಂಧವನ್ನು ಹತ್ತು ಮಾಡು ಎಂದವರೂ ಅದೇ ಗೈಡ್. ಈಗ ಕೆಂಪು ಶಾಯಿಯೂ ಅವರದೇ.

ಪರಿಹಾರ ಎರಡು ಸಾಲಿನದ್ದು. ಆದರೆ ನನ್ನ ಬಾಯಿಗೆ ಮೊದಲು ಬಂದದ್ದು ಬೇರೆ ಮಾತು. "ಹತ್ತಕ್ಕೆ ಜಾಗ ಬಿಟ್ಟಿರಲಿಲ್ವಾ ನೀನು?" ಅಂದೆ. ಅಂದ ಮೇಲೆ ಹೊಳೆಯಿತು, ಇದು ನನ್ನ ಮಾತಲ್ಲ, ಚಿಕ್ಕಪ್ಪನದು.

ಚಿಕ್ಕಪ್ಪ ಕಾರ್ಕಳದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಟರ್ ಆಗಿದ್ದರು. ಆನೆಕೆರೆ ಕಡೆಯ ಒಂದು ಓಣಿಯಲ್ಲಿ ಪ್ರೆಸ್ಸು. ಒಂದು ಟ್ರೆಡಲ್ ಯಂತ್ರ, ಗೋಡೆಗೆ ಒರಗಿಸಿದ ಮೊಳೆಗಳ ಕೇಸುಗಳು, ಮೊಳೆ ತೊಳೆಯಲು ಒಂದು ಡಬ್ಬ ಸೀಮೆಎಣ್ಣೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸೊಸೈಟಿಯ ರಶೀದಿ ಪುಸ್ತಕ, ವರ್ಷಕ್ಕೆ ಒಂದೆರಡು ಸ್ಮರಣ ಸಂಚಿಕೆ, ಇಷ್ಟರಲ್ಲಿ ನಡೆಯುವ ವ್ಯವಹಾರ. 1983ರ ಬೇಸಗೆ ರಜೆಯಲ್ಲಿ, ಮನೆಯಲ್ಲಿದ್ದರೆ ಮಾವಿನ ಮರದಿಂದ ಬಿದ್ದು ಕಾಲು ಮುರಿದುಕೊಳ್ಳುತ್ತೇನೆಂದು ನನ್ನನ್ನು ಅಲ್ಲಿಗೆ ಅಟ್ಟಿದರು. ಮುದ್ರಣ ಮುಗಿದ ಪುಟದ ಹುರಿ ಬಿಚ್ಚಿ ಮೊಳೆಗಳನ್ನು ಮತ್ತೆ ಅದರದರ ಮನೆಗೆ ಹಾಕುವುದು ನನ್ನ ಕೆಲಸ. ಕನ್ನಡದ ಕೇಸು ಎಂದರೆ ಒಂದು ಊರು. ಕ ಇದ್ದಲ್ಲಿ ಕಿ ಇಲ್ಲ, ಒತ್ತುಗಳದ್ದು ಬೇರೆಯೇ ಕೇರಿ. ನಾನು ತಾವತ್ತನ್ನು ನಾವತ್ತಿನ ಮನೆಗೆ ಹಾಕಿ, ಮರುದಿನ ಒಂದು ಮದುವೆ ಕಾಗದದಲ್ಲಿ 'ಲಗ್ನ' ಏನೇನೋ ಆಗಿ, ಚಿಕ್ಕಪ್ಪನಿಂದ ಕನ್ನಡದಲ್ಲೂ ಪ್ರೆಸ್ಸಿನ ಯಜಮಾನರಿಂದ ತುಳುವಿನಲ್ಲೂ ಬೈಸಿಕೊಂಡಿದ್ದೆ.

ಆ ಬೇಸಗೆಯಲ್ಲಿ ಒಂದು ದೇವಸ್ಥಾನದ ಬ್ರಹ್ಮಕಲಶದ ಸಂಚಿಕೆ ಬಂತು. ಪುಸ್ತಕದಲ್ಲಿ ಮೊದಲು ಕೂರುವ ಪರಿವಿಡಿ ಪ್ರೆಸ್ಸಿನಲ್ಲಿ ಕೊನೆಗೆ ಹುಟ್ಟುತ್ತದೆ. ಪುಟಸಂಖ್ಯೆಗಳೆಲ್ಲ ಗಟ್ಟಿಯಾಗದೆ ಅದಕ್ಕೆ ಕೈಹಾಕುವಂತಿಲ್ಲ. ಒಂಬತ್ತು ಲೇಖನಗಳು ಕಂಪೋಸ್ ಆಗಿದ್ದವು. ಚಿಕ್ಕಪ್ಪ ಎಡಗೈಯಲ್ಲಿ ಸ್ಟಿಕ್ಕು ಹಿಡಿದು, ಕೇಸಿನ ಕಡೆ ನೋಡದೆ ಬಲಗೈಯಲ್ಲಿ ಮೊಳೆ ಹೆಕ್ಕುತ್ತಿದ್ದರು. ಪ್ರತಿ ಸಾಲಿಗೂ ಮೊದಲು ಒಂದು ಖಾಲಿ ತುಂಡು, ಆಮೇಲೆ ಅಂಕಿ, ಮತ್ತೆ ಖಾಲಿ, ಆಮೇಲೆ ಹೆಸರು.

ಆ ಖಾಲಿ ತುಂಡಿನ ಬಗ್ಗೆ ಒಂದು ಮಾತು ಹೇಳಬೇಕು. 12 ಪಾಯಿಂಟಿನ ಅಕ್ಷರವಾದರೆ, ಉದ್ದಗಲ ಎರಡೂ 12 ಪಾಯಿಂಟ್ ಇರುವ ಚೌಕ ಸೀಸಕ್ಕೆ ಎಮ್ ಎಂದು ಹೆಸರು. ಇಂಥ ಆರು ಎಮ್ ಸಾಲಾಗಿ ಇಟ್ಟರೆ ಹೆಚ್ಚುಕಡಿಮೆ ಒಂದು ಇಂಚು. ಅರ್ಧ ಮಾಡಿದರೆ ಎನ್. ಎತ್ತರ ಅಕ್ಷರಕ್ಕಿಂತ ಕಡಿಮೆಯಾದ್ದರಿಂದ ಅದಕ್ಕೆ ಶಾಯಿ ತಾಗುವುದಿಲ್ಲ, ಕಾಗದದ ಮೇಲೆ ಬೀಳುವುದಿಲ್ಲ. ನಮ್ಮ ಪ್ರೆಸ್ಸಿನ ಅಂಕಿಗಳು ಒಂದೊಂದು ಎನ್ ಅಗಲದವು. ಅಂದರೆ ಚಿಕ್ಕಪ್ಪ ಒಂದರಿಂದ ಒಂಬತ್ತರವರೆಗಿನ ಸಾಲುಗಳಲ್ಲಿ ಎಡಕ್ಕೆ ಒಂದೊಂದು ಅಂಕಿಯಷ್ಟು ಜಾಗ ಬಿಡುತ್ತಿದ್ದರು.

"ಇದು ಯಾಕೆ?" ಅಂದೆ.

"ಹತ್ತು ಬರ್ತದೆ ಮಾಣಿ."

"ಒಂಬತ್ತೇ ಅಲ್ವಾ ಇರುದು?"

"ಎಲೆಗೆ ಬಡಿಸುವಾಗ ಪಾಯಸಕ್ಕೆ ಜಾಗ ಬಿಡುದಿಲ್ವಾ? ಬಾರದಿದ್ರೆ ಬೇಡ."

ಬಂತು. ಮರುದಿನ ಮಧ್ಯಾಹ್ನ ಸಮಿತಿಯವರು ಹೇಳಿ ಕಳಿಸಿದರು, ಕಾಪುವಿನಲ್ಲಿರುವ ಹಿರಿಯರೊಬ್ಬರ ಲೇಖನ ಇಲ್ಲದೆ ಸಂಚಿಕೆ ಹೊರಬರಕೂಡದು, ಬರೆದಿಟ್ಟಿದ್ದಾರೆ, ಯಾರಾದರೂ ಹೋಗಿ ತರಬೇಕು. ಯಾರಾದರೂ ಎಂದರೆ ನಾನೇ. ಬೆಳ್ಮಣ್ ಮೇಲೆ ಪಡುಬಿದ್ರಿಗೆ, ಅಲ್ಲಿಂದ ಕಾಪುವಿಗೆ.

ಬೆಳ್ಮಣ್ ಹತ್ತಿರ ನಂದಳಿಕೆ. ಮುದ್ದಣನ ಊರು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ವ್ಯಾಯಾಮದ ಮಾಸ್ತರಾಗಿದ್ದುಕೊಂಡು, ತಾನೇ ಬರೆದ 'ರಾಮಾಶ್ವಮೇಧ'ವನ್ನು ಯಾವುದೋ ಹಳೆಯ ಕವಿಯ ಗ್ರಂಥ ಎನ್ನುವ ಹಾಗೆ ಮೈಸೂರಿಗೆ ಕಳಿಸಿದ ಪುಣ್ಯಾತ್ಮ. ಲೇಖನ ತರಲು ಹೋಗುವ ಹುಡುಗರು ಅವನ ಕಾಲದಲ್ಲಿ ಇರಲಿಲ್ಲವಲ್ಲ, ಅಂಚೆಯೇ ಗತಿ. ಅವನು ತೀರಿಕೊಂಡದ್ದು 1901ರಲ್ಲಿ. ಕಾಪುವಿನ ದೀಪಸ್ತಂಭ ಎದ್ದದ್ದೂ 1901ರಲ್ಲೇ. ಒಂದಕ್ಕೊಂದು ಏನೂ ಸಂಬಂಧವಿಲ್ಲ, ಆದರೂ ಅವೆರಡೂ ನನ್ನ ತಲೆಯಲ್ಲಿ ಒಂದೇ ಸಾಲಿನಲ್ಲಿ ಕೂತುಬಿಟ್ಟಿವೆ.

ಕಾಪುವಿಗೆ ಹೋಗಿ ನೋಡಿದರೆ ಹಿರಿಯರು ಬರೆದಿರಲೇ ಇಲ್ಲ. "ಕೂತ್ಕೋ, ಈಗ ಬರೆದೆ" ಎಂದು ಬೆಲ್ಲ ನೀರು ಕೊಟ್ಟು ಒಳಗೆ ಹೋದರು. ಜಗಲಿಯಲ್ಲಿ ಕೂತೆ. ಕತ್ತಲಾಯಿತು. ತೆಂಗಿನ ಮರಗಳ ಸಂದಿಯಲ್ಲಿ ದೀಪಸ್ತಂಭದ ಬೆಳಕು ಬರುತ್ತಿತ್ತು, ಹೋಗುತ್ತಿತ್ತು. ಎಷ್ಟು ಸಲ ಬಂತೆಂದು ಎಣಿಸುತ್ತಾ ನೂರು ದಾಟಿದಾಗ ಹಿರಿಯರು ಆರು ಹಾಳೆ ತಂದು ಕೈಗಿತ್ತು, "ಒತ್ತಕ್ಷರ ಸರಿಯಾಗಿ ಹಾಕ್ಲಿಕ್ಕೆ ಹೇಳು" ಅಂದರು. ತಾವತ್ತಿನ ಸುದ್ದಿ ಕಾಪುವಿನವರೆಗೂ ಬಂದಿತ್ತೇ ಎಂದು ನನಗೆ ಇವತ್ತಿಗೂ ಗುಮಾನಿ.

ಕೊನೆಯ ಬಸ್ಸಿನಲ್ಲಿ ಬಂದೆ. ಚಿಕ್ಕಪ್ಪ ರಾತ್ರಿಯಿಡೀ ಕಂಪೋಸ್ ಮಾಡಿದರು. ಬೆಳಗಿನ ಜಾವ ಪರಿವಿಡಿಯ ಪುಟ ಎದುರಿಗಿಟ್ಟುಕೊಂಡು ಕೆಳಗೆ ಹತ್ತನೆಯ ಸಾಲು ಸೇರಿಸಿದರು. ಹತ್ತರ 'ಒಂದು' ಹೋಗಿ ಮೇಲಿನ ಒಂಬತ್ತು ಖಾಲಿಗಳ ಕೆಳಗೆ ಸರಿಯಾಗಿ ನಿಂತಿತು. ಸೊನ್ನೆ ಒಂಬತ್ತರ ನೇರ ಕೆಳಗೆ. ಮೇಲಿನ ಒಂದು ಮೊಳೆಯನ್ನೂ ಅಲುಗಿಸಬೇಕಾಗಲಿಲ್ಲ. ನಾನು ನಿದ್ದೆಗಣ್ಣಿನಲ್ಲಿ ನೋಡಿದ್ದು ಅಷ್ಟೇ, ಆದರೆ ಆಮೇಲೆ ಮೂವತ್ತು ವರ್ಷ ಪುಟ ಕಟ್ಟಿ ಹೊಟ್ಟೆ ಹೊರೆದುಕೊಂಡವನಿಗೆ ಅದಕ್ಕಿಂತ ದೊಡ್ಡ ಪಾಠ ಯಾರೂ ಹೇಳಿಕೊಟ್ಟಿಲ್ಲ.

ಪೂರ್ತಿ ಸುಖಾಂತವೇನಲ್ಲ. ಯಜಮಾನರು ಕೊನೇ ಗಳಿಗೆಯಲ್ಲಿ ಗೊಬ್ಬರದ ಜಾಹೀರಾತೊಂದನ್ನು ನಡುವೆ ತುರುಕಿದರು. ಪರಿವಿಡಿ ಅಷ್ಟರಲ್ಲಿ ಅಚ್ಚಾಗಿಹೋಗಿತ್ತು. ಸಾಲುಗಳೆಲ್ಲ ನೇರ, ದಾರಿ ಮಾತ್ರ ತಪ್ಪು. ಕಾಪುವಿನ ಹಿರಿಯರು ತಮ್ಮ ಲೇಖನ ಓದೋಣವೆಂದು ಪುಟ ತೆರೆದರೆ ಅಲ್ಲಿ ಅಡಿಕೆ ಮರದ ಬುಡಕ್ಕೆ ಏನು ಹಾಕಬೇಕೆಂದು ಬರೆದಿತ್ತು.

ಲೇಟೆಕ್‌ಗೆ ಈ ಕಷ್ಟ ಇಲ್ಲ. ಅಧ್ಯಾಯ, ವಿಭಾಗಗಳ ಹೆಸರು ಮತ್ತು ಪುಟಸಂಖ್ಯೆಗಳನ್ನು ಅದು ಮೊದಲ ಓಟದಲ್ಲಿ ಬೇರೊಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ, ಎರಡನೆಯ ಓಟದಲ್ಲಿ ಅದನ್ನು ಓದಿ ಪರಿವಿಡಿ ಮಾಡುತ್ತದೆ. ಪರಿವಿಡಿಯೇ ಒಂದು ಪುಟ ಉದ್ದವಾಗಿ ಉಳಿದವನ್ನು ಮುಂದೆ ತಳ್ಳಿದರೆ ಮೂರನೆಯ ಓಟ. ಯಜಮಾನರು ಎಷ್ಟು ಗೊಬ್ಬರ ತುರುಕಿದರೂ ಚಿಂತೆಯಿಲ್ಲ.

ಇದರ ಮೂಲದಲ್ಲಿರುವ ಟೆಕ್ ಹುಟ್ಟಿದ್ದೇ ಒಂದು ಪ್ರೂಫಿನ ಸಿಟ್ಟಿನಿಂದ. ಡೊನಾಲ್ಡ್ ಕನೂಥ್ ಎಂಬ ಗಣಕವಿಜ್ಞಾನಿಯ ಪುಸ್ತಕದ ಎರಡನೆಯ ಸಂಪುಟ ಮೊದಲು ಅಚ್ಚಾದದ್ದು ಮಾನೋಟೈಪ್ ಯಂತ್ರದ ಬಿಸಿ ಸೀಸದಲ್ಲಿ. ಎರಡನೆಯ ಆವೃತ್ತಿಯ ಪ್ರೂಫು 1977ರಲ್ಲಿ ಕೈಗೆ ಬಂದಾಗ ಕಾಲ ಬದಲಾಗಿತ್ತು, ಸೀಸ ಹೋಗಿ ಫೋಟೋ ಅಕ್ಷರ ಬಂದಿತ್ತು. ನೋಡಿ ಅವರಿಗೆ ಹೇಸಿಗೆಯಾಯಿತು. ನಾವಾದರೆ ಫೋನು ಮಾಡಿ ಬೈಯುತ್ತಿದ್ದೆವು. ಅವರು ಬರೆಯುವುದನ್ನೇ ಬದಿಗಿಟ್ಟು ಅಕ್ಷರ ಜೋಡಿಸುವ ತಂತ್ರಾಂಶ ಕಟ್ಟಲು ಕೂತರು. ಬೇಗ ಮುಗಿದೀತೆಂದು ಹೊರಟದ್ದು ಹತ್ತು ವರ್ಷಕ್ಕೂ ಮೀರಿ ಎಳೆಯಿತು. ನನ್ನ ಲೆಕ್ಕದಲ್ಲಿ ಅವರು ವಿಜ್ಞಾನಿಯಲ್ಲ, ತಪ್ಪಿ ಅಮೆರಿಕದಲ್ಲಿ ಹುಟ್ಟಿದ ಕಂಪೋಸಿಟರ್. ಟೆಕ್‌ನ ಆವೃತ್ತಿಸಂಖ್ಯೆ 3.14159 ಎಂದು ಪೈ ಬೆಲೆಯತ್ತ ಹೋಗುತ್ತಿದೆ, ಪ್ರತಿ ಪರಿಷ್ಕರಣೆಗೂ ಒಂದು ಅಂಕಿ ಉದ್ದ. ಇಂಥ ನಂಬ್ರಕ್ಕೆ ಪರಿವಿಡಿಯಲ್ಲಿ ಎಷ್ಟು ಎನ್ ಬಿಡಬೇಕೆಂದು ಚಿಕ್ಕಪ್ಪನನ್ನು ಕೇಳಬೇಕಿತ್ತು.

ಕನೂಥ್ ತಮ್ಮ ಕಂಪ್ಯೂಟರ್ ಮಾಡರ್ನ್ ಅಕ್ಷರಗಳಿಗೆ ಮಾದರಿಯಾಗಿ ಇಟ್ಟುಕೊಂಡದ್ದು ಮಾನೋಟೈಪ್‌ನದೇ ಒಂದು ಹಳೆಯ ಅಕ್ಷರ. ನಮ್ಮ ಕೆ.ಪಿ. ರಾವ್ ಕೂಡ ಮಾನೋಟೈಪ್ ಕಂಪನಿಯಲ್ಲಿ ಕೆಲಸ ಮಾಡಿದವರು. ಕಿನ್ನಿಕಂಬಳದಲ್ಲಿ ಹುಟ್ಟಿ ಮಣಿಪಾಲಕ್ಕೆ ಬಂದು, ಇವತ್ತು ನೀವು ನಾನು ಕನ್ನಡ ಕುಟ್ಟುವ ಕೀಲಿಮಣೆಯ ವಿನ್ಯಾಸ ಕೊಟ್ಟವರು. ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಊರಿಗೆಲ್ಲ ಪುಕ್ಕಟೆ ಹಂಚಿದರು. ಹೀಗೆ ನೋಡಿದರೆ ಮಣಿಪಾಲಕ್ಕೂ ಕನೂಥರಿಗೂ ಮಾನೋಟೈಪ್ ಕಡೆಯಿಂದ ಒಂದು ನೆಂಟಸ್ತಿಕೆ ಉಂಟು. ಉದಯವಾಣಿ ಪತ್ರಿಕೆ 1970ರ ಜನವರಿ 1ರಂದು ಹೊರಟ ಗುಡ್ಡ ಮಣಿಪಾಲ. ಅಲ್ಲಿ ಕಲ್ಲು ಬಿಸಾಡಿದರೆ ಅಕ್ಷರ ಜೋಡಿಸುವವರಿಗೇ ತಾಗುತ್ತದೆ ಎಂದು ನಾವು ತಮಾಷೆ ಮಾಡುವುದಿತ್ತು.

ನಾನೂ ಆ ಗುಡ್ಡದ ಮೇಲೆ ಪುಟ ಕಟ್ಟುವ ಕೆಲಸಕ್ಕೆ ಸೇರಿದೆ. ಕೆಲಸ ಬಿಟ್ಟು ಮನೆಯಲ್ಲಿದ್ದ ಚಿಕ್ಕಪ್ಪನನ್ನು ಒಮ್ಮೆ ಬೈಲೂರು, ಹಿರಿಯಡ್ಕ, ಪರ್ಕಳ ದಾಟಿಸಿ ಬಸ್ಸಿನಲ್ಲಿ ಕರೆತಂದು ಪರದೆಯ ಮುಂದೆ ಕೂರಿಸಿದೆ. ಅವರಿಗೆ ಏನೂ ರುಚಿಸಲಿಲ್ಲ. ನಾನು ಲೇಟೆಕ್‌ನಲ್ಲಿ ಪರಿವಿಡಿಯ ಅಳತೆ ತಿದ್ದಲು 'ಎಮ್' ಎಂದು ಕುಟ್ಟಿದಾಗ ಮಾತ್ರ ಮುಂದಕ್ಕೆ ಬಾಗಿದರು.

"ಎಮ್ಮಾ? ಅದು ಇದರಲ್ಲೂ ಉಂಟಾ?"

"ಉಂಟು."

"ಸೀಸ ಇಲ್ಲದೆ?"

ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ, "ಎಷ್ಟು ಬಿಟ್ಟಿದ್ದಾರೆ ನಂಬ್ರಕ್ಕೆ?" ಅಂದರು.

2.3 ಎಂದೆ. ಲೆಸ್ಲಿ ಲ್ಯಾಂಪೋರ್ಟ್ ಎಂಬುವರು ಟೆಕ್ ಮೇಲೆ ಲೇಟೆಕ್ ಕಟ್ಟಿದ್ದು 1980ರ ದಶಕದಲ್ಲಿ. ಅದರ ಪುಸ್ತಕದ ನಮೂನೆಯಲ್ಲಿ ವಿಭಾಗದ ಸಾಲು ಎಡ ಅಂಚಿನಿಂದ 1.5 ಎಮ್ ಒಳಕ್ಕೆ ಸರಿದು ನಿಲ್ಲುತ್ತದೆ, ಅದರ ಸಂಖ್ಯೆಗೆ 2.3 ಎಮ್ ಅಗಲದ ಒಂದು ಪೆಟ್ಟಿಗೆ. ಸಂಖ್ಯೆಯನ್ನು ಎಡಕ್ಕೆ ಒತ್ತಿ ಇಟ್ಟು ಉಳಿದದ್ದನ್ನು ಖಾಲಿ ಬಿಡುತ್ತಾರೆ. ಚಿಕ್ಕಪ್ಪ ಕಾಗದ ಕೇಳಿದರು. ಅಲ್ಲಿಯೂ ಅಂಕಿ ಅರ್ಧ ಎಮ್ ಎಂದೆ, ಚುಕ್ಕಿ 0.278. ಬರೆದುಕೊಂಡರು. 1.1ಕ್ಕೆ 1.278, ಆರಾಮ. 10.1ಕ್ಕೆ 1.778, ಪರವಾಗಿಲ್ಲ. 10.10ಕ್ಕೆ ನಾಲ್ಕು ಅಂಕಿ, ಒಂದು ಚುಕ್ಕಿ, ಒಟ್ಟು 2.278. ಪೆಟ್ಟಿಗೆ 2.3. ಉಳಿದದ್ದು 0.022 ಎಮ್. ಹತ್ತು ಪಾಯಿಂಟಿನ ಅಕ್ಷರದಲ್ಲಿ ಅದು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲೂ ಅಲ್ಲ. ಕೂದಲೆಳೆ ಎನ್ನುತ್ತೇವಲ್ಲ, ಮಾತಿಗಲ್ಲ, ಅಕ್ಷರಶಃ ಅಷ್ಟೇ.

"ಹತ್ತು ಹೊಗ್ಗಬಹುದು, ಉಸಿರಾಡ್ಲಿಕ್ಕಾಗುದಿಲ್ಲ" ಎಂದು ತೀರ್ಪು ಕೊಟ್ಟು ಪೆನ್ನು ಮುಚ್ಚಿದರು. ಆ 2.3ನ್ನು ಯಾರು ಹೇಗೆ ಆರಿಸಿದರೋ, ನಾನಂತೂ ಅಂದಿನಿಂದ ಅದರ ಜೊತೆ ಜಗಳ ಕಾಯುತ್ತಿದ್ದೇನೆ.

ಅಕ್ಕನ ಮಗಳಿಗೆ ಇಷ್ಟೆಲ್ಲ ಹೇಳಲು ಹೋದರೆ, "ಮಾವಾ, ನಾಳೆ ಹನ್ನೊಂದಕ್ಕೆ ಮೀಟಿಂಗ್" ಅಂದಳು. 2.3 ಇದ್ದಲ್ಲಿ 3 ಎಮ್ ಹಾಕಿಸಿದೆ. ಅಷ್ಟಕ್ಕೇ ಬಿಡುವಂತಿಲ್ಲ. ಉಪವಿಭಾಗದ ಸಾಲು 3.8ರಲ್ಲಿ ಶುರುವಾಗುತ್ತದೆ, ಅಂದರೆ 1.5 ಮತ್ತು 2.3 ಕೂಡಿದಲ್ಲಿ, ವಿಭಾಗದ ಹೆಸರಿನ ನೇರ ಕೆಳಗೆ. ಅಪ್ಪನ ಕೋಣೆ ದೊಡ್ಡದು ಮಾಡಿದರೆ ಮಗನ ಬಾಗಿಲೂ ಸರಿಯಬೇಕು. ಅದನ್ನು 4.5 ಮಾಡಿಸಿದೆ. ಓಡಿಸು ಅಂದೆ.  ಓಡಿಸಿದಳು. 10.10 ಮತ್ತು ಅದರ ಹೆಸರಿನ ನಡುವೆ ಬೆಳಕು ಬಿತ್ತು.

ನಿನ್ನೆ ಪುನಃ ಫೋನು. ಮೀಟಿಂಗಿನಲ್ಲಿ ಒಂಬತ್ತನ್ನೂ ಹತ್ತನ್ನೂ ಕೂಡಿಸಿಬಿಡು ಎಂದರಂತೆ. ಈಗ ಒಂಬತ್ತೇ ಅಧ್ಯಾಯ. "ಅಳತೆ ವಾಪಸು 2.3 ಮಾಡ್ಲಾ ಮಾವಾ?" ಎಂದು ಕೇಳಿದಳು. ಬೇಡ ಅಂದೆ. ಪ್ರಬಂಧ ಬೈಂಡಿಂಗಿಗೆ ಹೋಗಿದೆ, 3 ಎಮ್ ಹಾಗೇ ಇದೆ.