ಒಳತಂತಿ, ಹೊರತಂತಿ

ರೇಡಿಯೋ ಕೇಳುವವರಲ್ಲಿ ಒಂದು ಕಾಲಕ್ಕೆ ಎರಡು ಮತಗಳಿದ್ದವು. ಏರಿಯಲ್ಲನ್ನು ಕೋಣೆಯೊಳಗೆ ಕಟ್ಟಿದರೆ ಸಾಕೆಂಬುದು ಒಂದು. ಮಾಳಿಗೆಯ ಮೇಲೆ ಗಳ ನೆಟ್ಟು ತಂತಿ ಬಿಗಿಯದೆ ಗತಿಯಿಲ್ಲವೆಂಬುದು ಇನ್ನೊಂದು. ಆಳಂದದ ನಮ್ಮ ಕಾಕಾ ಮೊದಲನೆಯ ಮತದವರು. ಜೇವರ್ಗಿಯ ಸೋದರಮಾವ ಎರಡನೆಯದರ ಆಚಾರ್ಯರು.

ಕಾಕಾ ಅವರದು ಅಂಗಡಿಯಲ್ಲಿ ಸಿಗುತ್ತಿದ್ದ ತಾಮ್ರದ ಜಾಲರಿಯ ಪಟ್ಟಿ. ಗೋಡೆಯಿಂದ ಗೋಡೆಗೆ ತೂಗಿದರೆ ಮುಗಿಯಿತು. ಮಂಗನ ಕಾಟವಿಲ್ಲ, ಸಿಡಿಲಿನ ಅಂಜಿಕೆಯಿಲ್ಲ. ಮಾವನದು ದೊಡ್ಡ ಸಂಸಾರ. ಎರಡು ಬಿದಿರು ಗಳ, ನಡುವೆ ತಾಮ್ರದ ತಂತಿ, ತುದಿಗಳಿಗೆ ಪಿಂಗಾಣಿಯ ಗುಬಟಿ. ಅಲ್ಲಿಂದ ಇಳಿದು ಬಂದ ತಂತಿಗೆ ಕಿಟಕಿಯಲ್ಲೊಂದು ಸ್ವಿಚ್ಚು. ಗುಡುಗು ಕೇಳಿದೊಡನೆ ಅದನ್ನು ನೆಲದ ಕಡೆಗೆ ತಿರುಗಿಸಬೇಕು. ನೆಲಕ್ಕೆ ಹೋಗುವ ತಂತಿಯನ್ನು ಬಚ್ಚಲ ನೀರು ಹರಿಯುವಲ್ಲಿ ಹೂಳಿದ್ದರು. ಎರೆಮಣ್ಣು ಹಸಿಯಿದ್ದಾಗ ಬಂಗಾರ. ಬೇಸಿಗೆಯಲ್ಲಿ ಬಿರಿದರೆ ರೇಡಿಯೋದ ಕಂಠವೂ ಒಣಗುತ್ತಿತ್ತು. ಆಗ ಮಾವ ಕೊಡ ನೀರು ಹೊಯ್ದು ಬರುವರು. ಅತ್ತೆಗೆ ಇದು ಯಾವ ದೇವರ ಅಭಿಷೇಕವೆಂದು ತಿಳಿಯುತ್ತಿರಲಿಲ್ಲ.

"ಒಳಗ ತಂತಿ ಕಟ್ಟೂದಂದ್ರ, ಕಿವ್ಯಾಗ ಅರಳಿ ಇಟ್ಕೊಂಡು ಪುರಾಣ ಕೇಳಿದ್ಹಾಂಗ ನೋಡು ತಮ್ಮಾ" ಎನ್ನುತ್ತಿದ್ದರು ಮಾವ.

ಅವರ ಹಟಕ್ಕೆ ಕಾರಣವಿತ್ತು. ೧೯೫೬ರವರೆಗೆ ನಮ್ಮ ಜಿಲ್ಲೆ ಹೈದರಾಬಾದು ರಾಜ್ಯದಲ್ಲಿತ್ತು. ಹೈದರಾಬಾದಿನ ನಿಲಯ ಕಾಕಾ ಅವರ ಜಾಲರಿಗೂ ನಿರಾಯಾಸವಾಗಿ ಸಿಗುತ್ತಿತ್ತು. ಧಾರವಾಡದಲ್ಲಿ ನಿಲಯ ತೆರೆದದ್ದು ೧೯೫೦ರಲ್ಲಿ. ಅದು ಜೇವರ್ಗಿಯವರೆಗೆ ಬರುವಷ್ಟರಲ್ಲಿ ಬಡಕಲಾಗಿರುತ್ತಿತ್ತು. ಹಗಲು ಹೆಚ್ಚೇನೂ ಇಲ್ಲ. ರಾತ್ರಿ, ಆಕಾಶದಿಂದ ಮರಳಿ ಬೀಳುವ ಅಲೆಯಾಗಿ, ಏಳುತ್ತ ಬೀಳುತ್ತ ಬರುವುದು. ಆ ಕನ್ನಡಕ್ಕಾಗಿ ಮಾವ ಮಾಳಿಗೆ ಹತ್ತುತ್ತಿದ್ದರು. ನೆರೆಯವರು ಅಂಗಳದಲ್ಲಿ ಚಾಪೆ ಹಾಸಿ ಕೂಡುವರು. ಮಾತು ಮಸಕಾದಾಗ ಯಾರೂ ಕೆಮ್ಮುತ್ತಿರಲಿಲ್ಲ.

೧೯೬೬ರಲ್ಲಿ ಕಲಬುರಗಿಗೇ ಆಕಾಶವಾಣಿ ಬಂತು. ಆಳಂದ, ಜೇವರ್ಗಿ ಎರಡಕ್ಕೂ ಸುಮಾರು ನಾಲ್ವತ್ತು ಕಿಲೋಮೀಟರು. ಮತಭೇದಕ್ಕೆ ಆಸ್ಪದವೇ ಉಳಿಯಲಿಲ್ಲ. ಜತೆಗೆ ಟ್ರಾನ್ಸಿಸ್ಟರು ಬಂತು. ಅದರ ಹೊಟ್ಟೆಯಲ್ಲೇ ಫೆರೈಟಿನ ಕಡ್ಡಿ, ಅದಕ್ಕೆ ಸುತ್ತಿದ ತಂತಿ, ಅದೇ ಏರಿಯಲ್ಲು. ಆದರೆ ಆ ಕಡ್ಡಿಗೆ ದಿಕ್ಕಿನ ಮಡಿ ಬಹಳ. ನಿಲಯಕ್ಕೆ ಅಡ್ಡವಾಗಿ ಮಲಗಬೇಕು. ಜೇವರ್ಗಿಗೆ ಕಲಬುರಗಿ ಉತ್ತರಕ್ಕಾದ್ದರಿಂದ ಅಲ್ಲಿ ಪೂರ್ವಪಶ್ಚಿಮ, ಆಳಂದದಲ್ಲಿ ಓರೆ, ಅಫಜಲಪುರಕ್ಕೆ ಅದು ಮೂಡಲಲ್ಲಿರುವುದರಿಂದ ಅಲ್ಲಿ ಹೆಚ್ಚುಕಡಮೆ ಉತ್ತರದಕ್ಷಿಣ. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬ ಶಾಸ್ತ್ರ ಅಫಜಲಪುರದ ರೇಡಿಯೋಗಳಿಗೆ ಅನ್ವಯಿಸದು.

ಗೆದ್ದವರು ಕಾಕಾ ಎಂದೇ ಎಲ್ಲರೂ ತಿಳಿದರು. ನನಗೆ ಹಾಗೆನಿಸುವುದಿಲ್ಲ. ಒಳಗಿನ ಏರಿಯಲ್ಲು ಆಕಾಶದ ಸದ್ದಿಗಿಂತ ಮನೆಯ ಸದ್ದನ್ನೇ ಹೆಚ್ಚು ಹಿಡಿಯುತ್ತದೆ. ಮೊದಲು ಟ್ಯೂಬ್‌ಲೈಟಿನ ಗೊರಗೊರವೊಂದೇ ಇತ್ತು. ಈಗ ಎಲ್‌ಇಡಿ ದೀಪ, ಇನ್ವರ್ಟರು, ಮೊಬೈಲಿನ ಚಾರ್ಜರು, ಒಂದೊಂದಕ್ಕೂ ಒಂದೊಂದು ಕಿರಿಕಿರಿ. ದೂರದ ನಿಲಯ ಬೇಕಾದವನು ಮಾವನಂತೆ ಹೊರಗೇ ಹೋಗಬೇಕು.

ಮೊನ್ನೆ ಹಿತ್ತಲ ಬೇವಿನ ಗಿಡದಿಂದ ಹತ್ತು ಮೀಟರು ತಂತಿ ಎಳೆದು, ಟ್ರಾನ್ಸಿಸ್ಟರಿಗೆ ಐದಾರು ಸುತ್ತು ಸುತ್ತಿ, ತುದಿಯನ್ನು ಹಸಿ ನೆಲದಲ್ಲಿ ಹೂಳಿದೆ. ರಾತ್ರಿ ಒಂಬತ್ತರ ಸುಮಾರಿಗೆ ಗೊರಗೊರದ ಆಚೆಯಿಂದ ಯಾರೋ ಮಾತನಾಡತೊಡಗಿದರು. ಊರು ಗೊತ್ತಾಗುವಷ್ಟರಲ್ಲಿ ಮೊಮ್ಮಗಳು ಬಂದು, "ಅಜ್ಜಾ, ಈ ಹಗ್ಗದ ಮ್ಯಾಲ ಅರಿವಿ ಒಣಾ ಹಾಕ್ಲೇನು?" ಎಂದಳು.

ಕೈಸನ್ನೆಯಿಂದಲೇ ಬೇಡವೆಂದು ಕಿವಿಯನ್ನು ಹತ್ತಿರಕ್ಕೆ ತಂದೆ.