ನಮ್ಮ ಮನೆಗೆ ಬಂದ ಲಿಬರೇಟರ್

ಹೋದ ಸಂಚಿಕೆಯಲ್ಲಿ ಎಲ್ಲರೂ ರಜೆಯಲ್ಲಿ ಹೋದ ಪ್ರವಾಸ, ಜಾತ್ರೆ, ಮದುವೆ ಬಗ್ಗೆ ಬರೆದಿದ್ದರು. ನಾನು ಎಲ್ಲಿಗೂ ಹೋಗಲಿಲ್ಲ. ಬೇಸಿಗೆ ರಜೆ ಪೂರ್ತಿ ಮನೆ ಜಗುಲಿಯಲ್ಲಿ ಕೂತು ಒಂದು ವಿಮಾನ ಮಾಡಿದೆ. ಅದನ್ನೇ ಬರೆಯುತ್ತಿದ್ದೇನೆ.

ವಿಮಾನ ಅಂದರೆ ನಮಗೇನೂ ಹೊಸದಲ್ಲ. ಯಲಹಂಕದ ವಾಯುನೆಲೆ ಹತ್ತಿರವೇ ಇರುವುದರಿಂದ ಮೇಷ್ಟ್ರು ಎಷ್ಟೋ ಸಲ ಪಾಠ ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಮುಂದುವರಿಸುತ್ತಾರೆ. ಅಲ್ಲಿ 1996ರಿಂದ ಏರ್ ಶೋ ನಡೆಯುತ್ತಿದೆ. 2025ರ ಶೋ ಹೊತ್ತಿಗೆ ಸುತ್ತ 13 ಕಿಲೋಮೀಟರ್ ತನಕ ಮಾಂಸದ ಅಂಗಡಿ ಮುಚ್ಚಿಸಿದ್ದರು, ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ. ನಮ್ಮ ಬೀದಿಯಲ್ಲಿ ಕೆಲವರಿಗೆ ಏರ್ ಶೋ ಅಂದರೆ ನೆನಪಾಗುವುದು ಅದೊಂದೇ!

ಅಮ್ಮ ಆರ್.ಟಿ. ನಗರದ ಒಂದು ಮನೆಗೆ ಅಡಿಗೆ ಕೆಲಸಕ್ಕೆ ಹೋಗುತ್ತಾರೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಬರುವಾಗ ಉದ್ದನೆಯ ರಟ್ಟಿನ ಡಬ್ಬ ತಂದರು. ಆ ಮನೆಯ ಹುಡುಗ ಪಿಯುಸಿಗೆ ಬಂದ ಮೇಲೆ ಕಪಾಟು ಖಾಲಿ ಮಾಡಿ ಅದನ್ನು ಗುಜರಿಗೆ ಹಾಕಲು ಇಟ್ಟಿದ್ದನಂತೆ. ಅಪ್ಪ ಡಬ್ಬ ನೋಡಿದ ತಕ್ಷಣ, "ಅವರು ಬಿಸಾಕಿದ್ದನ್ನ ಯಾಕೆ ಹೊತ್ಕೊಂಡು ಬಂದೆ? ನಮಗೇನು ಗತಿ ಇಲ್ವಾ?" ಅಂದರು. ಅಮ್ಮ ಏನೂ ಹೇಳದೆ ಅಡಿಗೆ ಮನೆಗೆ ಹೋದರು. ನಾನು ಡಬ್ಬವನ್ನು ಅಟ್ಟದ ಮೇಲೆ ಇಟ್ಟುಬಿಟ್ಟೆ. ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮಾರನೆಯ ದಿನ ತಾತ ಕೇಳಿದರು, "ಡಬ್ಬದ ಮೇಲೆ ಏನು ಬರೆದಿದೆ ಓದು ಪುಟ್ಟಿ." ತಾತನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದೆ. ಬೆಳಕು, ನೆರಳು ಗೊತ್ತಾಗುತ್ತೆ, ಅಕ್ಷರ ಕಾಣಲ್ಲ. ನಾನು ಓದಿದೆ, "ಬಿ-24 ಲಿಬರೇಟರ್. ಅಳತೆ 72ರಲ್ಲಿ 1." ತಾತ ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು. "ಲಿಬರೇಟರಾ? ಇಳಿಸು ಕೆಳಗೆ!"

ತಾತ 1972ರಲ್ಲಿ ಎಚ್‌ಎಎಲ್ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದವರು. ಇವರಿಗೆ ಕೆಲಸ ಕಲಿಸಿದ ಮೇಸ್ತ್ರಿ ಚಿಕ್ಕ ಹುಡುಗನಾಗಿದ್ದಾಗಲೇ ಅಲ್ಲಿ ಸೇರಿ ಲಿಬರೇಟರ್ ರಿಪೇರಿ ಮಾಡಿದ್ದರಂತೆ. ಆ ಕತೆ ಹೀಗಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಅಮೆರಿಕನ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿ, ಇನ್ನು ಯಾರೂ ಹಾರಿಸಬಾರದು ಅಂತ ಬೇಕೆಂದೇ ಕೆಡಿಸಿ ಬಿಟ್ಟು ಹೋಗಿದ್ದರು. ಮಳೆ ಬಿಸಿಲಿಗೆ ನಿಂತು ಗುಜರಿಯಾಗಿದ್ದವು. ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಯ ಹತ್ತಿರ ಒಂದೂ ದೊಡ್ಡ ಬಾಂಬರ್ ಇರಲಿಲ್ಲ. 1948ರಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು (ಎಚ್‌ಎಎಲ್‌ಗೆ ಆಗ ಅದೇ ಹೆಸರು) ಹೋಗಿ ನೋಡಿ, ಇವನ್ನು ಸರಿ ಮಾಡುತ್ತೇವೆ ಅಂದರು. ಕಾನ್ಪುರದಲ್ಲಿ ಹಾರುವಷ್ಟು ಮಾತ್ರ ರಿಪೇರಿ ಮಾಡುವುದು, ಮುನ್ಷಿ ಅನ್ನುವ ಪೈಲಟ್ ಅದನ್ನು ಬೆಂಗಳೂರಿಗೆ ಹಾರಿಸಿಕೊಂಡು ಬರುವುದು, ಇಲ್ಲಿ ಪೂರ್ತಿ ಬಿಚ್ಚಿ ಹೊಸದರಂತೆ ಮಾಡುವುದು. ಹೀಗೆ 40ಕ್ಕೂ ಹೆಚ್ಚು ವಿಮಾನಗಳು ಎದ್ದವು. 1948ರ ನವೆಂಬರ್‌ನಲ್ಲಿ ಇವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. ಆಮೇಲೆ ಸಮುದ್ರದ ಮೇಲೆ ಕಾವಲು ಹಾರುವುದಕ್ಕೂ ಇವನ್ನೇ ಬಳಸಿದರು. 1968ರ ತನಕ ಹಾರಿದವು.

"ನಾನು ಸೇರೋ ಹೊತ್ತಿಗೆ ಒಂದೂ ಉಳಿದಿರಲಿಲ್ಲ ಕಣಮ್ಮ. ಮೇಸ್ತ್ರಿ ದಿನಾ ಟೀ ಟೈಮಿನಲ್ಲಿ ಹೇಳ್ತಿದ್ರು. ಕೇಳಿದ್ದೇ ಬಂತು, ನೋಡಿದ್ದಿಲ್ಲ" ಅಂದರು ತಾತ.

ಡಬ್ಬ ಬಿಚ್ಚಿದರೆ ನನಗೆ ಅಳು ಬರುವ ಹಾಗಾಯಿತು. ಆ ಹುಡುಗ ಹೊಟ್ಟೆಯ ಎರಡು ಹೋಳುಗಳನ್ನು ಸೊಟ್ಟಗೆ ಅಂಟಿಸಿ ಬಿಟ್ಟಿದ್ದ. ಮೂಗಿನ ಗಾಜು ಸೀಳಿತ್ತು. ನಾಲ್ಕು ಎಂಜಿನ್‌ಗೆ ನಾಲ್ಕು ಪ್ರೊಪೆಲ್ಲರ್ ಇರಬೇಕು, ಮೂರೇ ಇದ್ದವು. ಉಳಿದ ಚೂರುಗಳು ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ಹಾಗೇ ಇದ್ದವು. ಕೂಡಿಸುವ ಕ್ರಮ ತೋರಿಸುವ ಹಾಳೆ ಅರ್ಧ ಹರಿದಿತ್ತು. ತಾತ ಒಂದೊಂದನ್ನೇ ಬೆರಳಲ್ಲಿ ತಡವಿ, "ಇದು ಬಾಲ. ಎರಡು ಇರಬೇಕು, ಹುಡುಕು. ಇದು ಚಕ್ರದ ಕಾಲು" ಅಂತ ಹೇಳುತ್ತಾ ಹೋದರು. ನೋಡದೇ ಇದ್ದ ವಿಮಾನ ಅಷ್ಟು ಚೆನ್ನಾಗಿ ಹೇಗೆ ಗೊತ್ತು ಅಂತ ನನಗೆ ಆಶ್ಚರ್ಯ.

ಲೆಕ್ಕದ ಮೇಷ್ಟ್ರಿಗಾಗಿ ಒಂದು ಮಾತು. ನಿಜವಾದ ಲಿಬರೇಟರ್ ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. 72ರಿಂದ ಭಾಗಿಸಿದರೆ ಹದಿನೆಂಟು ಅಂಗುಲಕ್ಕೆ ಸ್ವಲ್ಪ ಹೆಚ್ಚು. ಅಳೆದು ನೋಡಿದೆ, ಸರಿ ಬಂತು.

ಮೊದಲ ತೊಂದರೆ ಏನೆಂದರೆ, ಚಕ್ರ ಹಾಕಿ ನಿಲ್ಲಿಸಿದರೆ ಬಾಲ ನೆಲಕ್ಕೆ ಬಡಿದು ಮೂಗು ಮೇಲಕ್ಕೆ! ಈ ವಿಮಾನಕ್ಕೆ ಒಂದು ಚಕ್ರ ಮೂಗಿನ ಕೆಳಗೆ, ಎರಡು ರೆಕ್ಕೆ ಕೆಳಗೆ. ಹಿಂದಿನ ಭಾಗ ಉದ್ದ. ಅದಕ್ಕೇ ಮಾದರಿ ಮಾಡುವವರು ಹೊಟ್ಟೆ ಮುಚ್ಚುವ ಮೊದಲೇ ಮೂಗಿನೊಳಗೆ ತೂಕ ಇಡುತ್ತಾರೆ. ನಮ್ಮದು ಆಗಲೇ ಮುಚ್ಚಿ ಹೋಗಿತ್ತು. ಆದರೆ ಗಾಜು ಸೀಳಿದ್ದೇ ಒಳ್ಳೆಯದಾಯಿತು. ಅದನ್ನು ಪೂರ್ತಿ ತೆಗೆದು, ಆ ತೂತಿನಿಂದ ಸೈಕಲ್ ಅಂಗಡಿಯಲ್ಲಿ ಕೇಳಿ ತಂದ ಹಳೆ ಬಾಲ್ಸುಗಳನ್ನು ಎಂ-ಸೀಲ್ ಜೊತೆ ಒಳಕ್ಕೆ ತುರುಕಿದೆ. ಇಪ್ಪತ್ತೆರಡು ಬಾಲ್ಸು ಹಿಡಿಯಿತು. ಆಗ ವಿಮಾನ ಮೂರು ಕಾಲಿನ ಮೇಲೆ ನೆಟ್ಟಗೆ ನಿಂತಿತು.

ಸೊಟ್ಟ ಅಂಟಿಸಿದ್ದ ಕೂಡು ಮಾತ್ರ ಹದಿನೈದು ದಿನ ತಿಂದಿತು. ಎಂ-ಸೀಲ್ ತುಂಬುವುದು, ಒಣಗಿಸುವುದು, ಎಮರಿ ಪೇಪರ್ ನೀರಿನಲ್ಲಿ ಅದ್ದಿ ಉಜ್ಜುವುದು. ನನ್ನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ತಾತ ಉಗುರನ್ನು ಬೆನ್ನ ಮೇಲೆ ಮೆಲ್ಲಗೆ ಎಳೆದು, "ಇಲ್ಲಿ ಸಿಕ್ಕಿಕೊಳ್ತಿದೆ" ಅನ್ನುವರು. ಮತ್ತೆ ತುಂಬು, ಮತ್ತೆ ಉಜ್ಜು. ಒಂದು ದಿನ ನನಗೆ ಸಿಟ್ಟು ಬಂದು, "ಕಾಣದೇ ಇದ್ದ ಮೇಲೆ ಯಾಕೆ ತಾತ?" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ತಾತ ಬೇಜಾರು ಮಾಡಿಕೊಳ್ಳಲಿಲ್ಲ. "ಗಾಳಿಗೂ ಕಣ್ಣಿಲ್ಲ, ಆದ್ರೂ ಅದಕ್ಕೆ ಗೊತ್ತಾಗುತ್ತೆ" ಅಂದು ಮತ್ತೆ ಉಗುರು ಎಳೆದರು.

ಗಾಜಿನ ವಿಷಯದಲ್ಲಿ ನಾನೇ ತಪ್ಪು ಮಾಡಿದೆ. ಎರಡು ಸೆಕೆಂಡಿಗೆ ಅಂಟುವ ಗಮ್ಮು ಹಾಕಿ ಪೈಲಟ್ ಕಿಟಕಿ ಕೂರಿಸಿದೆ. ಬೆಳಿಗ್ಗೆ ನೋಡಿದರೆ ಅದರ ಹೊಗೆಗೆ ಗಾಜೆಲ್ಲಾ ಬೆಳ್ಳಗೆ ಮಂಜು ಹಿಡಿದಿದೆ, ತಾತನ ಕಣ್ಣಿನ ಹಾಗೆ. ಕಿತ್ತು, ಹಲ್ಲುಜ್ಜುವ ಪೇಸ್ಟ್ ಹಚ್ಚಿ ಹಳೆ ಬನಿಯನ್ ಬಟ್ಟೆಯಲ್ಲಿ ಎರಡು ದಿನ ತಿಕ್ಕಿದ ಮೇಲೆ ಮುಕ್ಕಾಲು ಪಾಲು ತಿಳಿಯಾಯಿತು. ಪ್ಲಾಸ್ಟಿಕ್ ಗಾಜಿಗೆ ಯಾವತ್ತೂ ಮರಗೆಲಸದ ಬಿಳಿ ಗೋಂದೇ ಹಾಕಬೇಕು. ಮೂಗಿನ ಗಾಜನ್ನು ಹಾಗೇ ಅಂಟಿಸಿದೆ. ಸೀಳು ಈಗಲೂ ಕಾಣುತ್ತದೆ.

ಸಣ್ಣ ಕೆಲಸಗಳೇ ನನಗೆ ಬಹಳ ಇಷ್ಟವಾದವು. ಮಿಕ್ಕ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನು ಮೇಣದ ಬತ್ತಿ ಮೇಲೆ ಕಾಯಿಸಿ ಎರಡು ಕೈಯಲ್ಲಿ ಎಳೆದರೆ ಕೂದಲಿನಂತೆ ದಾರ ಬರುತ್ತದೆ. ಅದೇ ರೇಡಿಯೋ ತಂತಿ. ಇಲ್ಲದ ಪ್ರೊಪೆಲ್ಲರಿನ ಮೂರು ಅಲಗನ್ನು ಪೌಡರ್ ಡಬ್ಬಿಯ ಮುಚ್ಚಳ ಕೊಯ್ದು ಮಾಡಿದೆ. ಬಾಂಬ್ ಇಡುವ ಗೂಡಿನ ಬಾಗಿಲು ಲಿಬರೇಟರ್‌ನಲ್ಲಿ ಕೆಳಕ್ಕೆ ಜೋತು ಬೀಳುವುದಿಲ್ಲ, ಅಂಗಡಿ ಶೆಟರಿನಂತೆ ಪಕ್ಕಕ್ಕೆ ಸರಿದು ಮೈಗೆ ಅಂಟಿಕೊಂಡು ಮೇಲಕ್ಕೆ ಹೋಗುತ್ತದೆ. ಅದನ್ನು ತೋರಿಸಲು ಮಾತ್ರೆ ಪಟ್ಟಿಯ ಬೆಳ್ಳಿ ಕಾಗದಕ್ಕೆ ಬಾಚಣಿಗೆಯಿಂದ ಗೆರೆ ಒತ್ತಿ ಅಂಟಿಸಿದೆ. ಡಬ್ಬದಲ್ಲಿ ಪುಟ್ಟ ಬಾಂಬುಗಳೂ ಇದ್ದವು. ಇದೇ ಜಾತಿಯ ವಿಮಾನಗಳು ಯುದ್ಧದಲ್ಲಿ ನಮ್ಮ ದೇಶದಿಂದ ಹಾರಿ ಬರ್ಮಾದ ಮೇಲೆ ಬಾಂಬ್ ಹಾಕಿದ್ದವು. ಕೆಳಗಿದ್ದವರ ಕತೆ ಯಾರೂ ಹೇಳಲಿಲ್ಲ. ಆ ಬಾಂಬುಗಳನ್ನು ಅಂಟಿಸಬೇಕು ಅಂತ ನನಗೆ ಅನ್ನಿಸಲಿಲ್ಲ, ಜಾಮಿಟ್ರಿ ಬಾಕ್ಸಿನಲ್ಲಿವೆ.

ಬಣ್ಣಕ್ಕೆ ದುಡ್ಡಿರಲಿಲ್ಲ. ಅಪ್ಪ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಒಂದು ರಾತ್ರಿ ಬಂದವರು ಸಣ್ಣ ಬಾಟಲಿಯಲ್ಲಿ ಸಿಲ್ವರ್ ಪೇಂಟು, ಇನ್ನೊಂದರಲ್ಲಿ ಟರ್ಪಂಟೈನ್ ಜಗುಲಿ ಮೇಲೆ ಇಟ್ಟು ಕೈಕಾಲು ತೊಳೆಯಲು ಹೋದರು. ಏನೂ ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ. ತೆಳುವಾಗಿ ಮೂರು ಸಲ ಹಚ್ಚಿದೆ. ಡಬ್ಬದಲ್ಲಿ ಅಮೆರಿಕದ ನಕ್ಷತ್ರದ ಗುರುತು ಇತ್ತು, ಅದು ಬೇಡ ಅಂತ ತಾತ ಹೇಳಿದರು. ಕೈವಾರದಲ್ಲಿ ವೃತ್ತ ಬರೆದು, ಹೊರಗೆ ಕೇಸರಿ, ಮಧ್ಯೆ ಬಿಳಿ, ಒಳಗೆ ಹಸಿರು ತುಂಬಿದೆ. ಬಲ ರೆಕ್ಕೆಯದು ಸ್ವಲ್ಪ ಮೊಟ್ಟೆ ಆಕಾರ ಆಗಿದೆ, ನಗಬೇಡಿ.

ಮುಗಿದ ದಿನ ತಾತನ ಮಡಿಲಲ್ಲಿ ಇಟ್ಟೆ. ಮೂಗಿನಿಂದ ಶುರು ಮಾಡಿ, ದಪ್ಪ ಹೊಟ್ಟೆ, ಉದ್ದನೆಯ ಸಣ್ಣ ರೆಕ್ಕೆ, ನಾಲ್ಕು ಎಂಜಿನ್, ಹಿಂದೆ ವೀಳ್ಯದೆಲೆಯಂತಹ ಎರಡು ಬಾಲ, ಎಲ್ಲವನ್ನೂ ತಡವಿದರು. ಬಹಳ ಹೊತ್ತು ತಡವಿದರು. "ಮೇಸ್ತ್ರಿ ಹೇಳ್ತಿದ್ದುದು ಇದನ್ನಾ!" ಅಂದರು. ಆಮೇಲೆ ಅಮ್ಮನನ್ನು ಕರೆದು, "ಒಳ್ಳೆ ಸಾಮಾನು ತಂದೆ ಕಣಮ್ಮ" ಅಂದರು. ಅಪ್ಪ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು.

ವಿಜ್ಞಾನ ಮೇಷ್ಟ್ರು ನಮಗೋಸ್ಕರ ಹುಡುಕಿ ಹೇಳಿದರು. ಭಾರತ ಹಾರಿಸಿದ ಲಿಬರೇಟರ್‌ಗಳಲ್ಲಿ ಒಂದು ದೆಹಲಿಯ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿ, ಒಂದು ಕೆನಡಾದ ಒಟ್ಟಾವದಲ್ಲಿ, ಒಂದು ಅಮೆರಿಕದ ಅರಿಜೋನಾದಲ್ಲಿ ಇವೆ. 1974ರಲ್ಲಿ ಒಂದನ್ನು ಇಂಗ್ಲೆಂಡಿಗೂ ಕೊಟ್ಟೆವು. ಎಚ್‌ಎಎಲ್ ಮ್ಯೂಸಿಯಂಗೆ ನಮ್ಮ ಶಾಲೆಯಿಂದ ಹೋದಾಗ ಕ್ಯಾನ್‌ಬೆರಾ ಬಾಂಬರ್ ನೋಡಿದ್ದೆವು, ನೆನಪಿದೆಯಾ? ಅಲ್ಲಿ ನನಗೆ ಲಿಬರೇಟರ್ ಕಾಣಲಿಲ್ಲ.

ಸದ್ಯಕ್ಕೆ ನಮ್ಮದು ವಿಜ್ಞಾನ ಕೊಠಡಿಯ ಬೀರು ಮೇಲೆ ಇದೆ. ಶನಿವಾರದ ತನಕ ಮಾತ್ರ, ಆಮೇಲೆ ತಾತನಿಗೆ ವಾಪಸ್ ಕೊಡಬೇಕು. ಎಲ್ಲರೂ ಮುಟ್ಟಿ ನೋಡಬಹುದು. ಬಲಗಡೆ ಕೊನೆಯ ಪ್ರೊಪೆಲ್ಲರ್ ಮಾತ್ರ ಊದಬೇಡಿ, ಅದು ಪೌಡರ್ ಡಬ್ಬಿಯದು.

— 9ನೇ ತರಗತಿ ವಿದ್ಯಾರ್ಥಿನಿ